ಬೈದರೆ ನಿಲ್ಲುವ ಕರು

ನಮ್ಮಕ್ಕ ತೀರಿಕೊಂಡ ಮಾರನೆಯ ದಿನ ನಮ್ಮ ಹಸು ಹಾಲು ಕೊಡಲಿಲ್ಲ. ನನ್ನ ಹೆಂಡತಿ ಕೆಚ್ಚಲು ತೊಳೆದಳು, ಬೆನ್ನು ಸವರಿದಳು, ಬೆಲ್ಲ ತಿನ್ನಿಸಿದಳು, ಕೊನೆಗೆ ಕೈಯನ್ನೂ ಮುಗಿದಳು. ಹಸು ಬೆಲ್ಲ ತಿಂದು ಮುಗಿಸಿ ಬಕೆಟ್ ಒದ್ದಿತು. ಸಾವಿಗೆ ಬಂದಿದ್ದ ನೆಂಟರು ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಂಡರು. "ನೋಡ್ರಪ್ಪಾ, ಮೂಕ ಪ್ರಾಣಿಗಿರೋ ದುಃಖ ಮನುಷ್ಯರಿಗಿಲ್ಲ" ಎಂದು ನಮ್ಮ ಚಿಕ್ಕಪ್ಪ ನನ್ನ ಕಡೆ ನೋಡಿ ಹೇಳಿದರು. ನಾನು ಆಗ ಪಕ್ಕದ ಮನೆಯವರು ಕಳಿಸಿದ್ದ ಉಪ್ಪಿಟ್ಟು ತಿನ್ನುತ್ತಿದ್ದೆ.

ದುಃಖವೂ ಇಲ್ಲ, ಮಣ್ಣೂ ಇಲ್ಲ. ಆ ಹಸುವಿಗೆ ಬೇಕಾಗಿದ್ದದ್ದು ಬೈಗುಳ. ಹುಟ್ಟಿದಾಗಿನಿಂದ ಎರಡು ಹೊತ್ತು ಬೈಸಿಕೊಂಡು ಬೆಳೆದ ಪ್ರಾಣಿ ಅದು. ಬೈಗುಳ ಕಿವಿಗೆ ಬೀಳದೆ ಅದಕ್ಕೆ ಬೆಳಗಾಗುತ್ತಿರಲಿಲ್ಲ. ಇದು ಗೊತ್ತಿದ್ದವರು ಇಬ್ಬರೇ. ಒಬ್ಬಳನ್ನು ಹಿಂದಿನ ದಿನ ಮಾವಿನ ತೋಪಿನ ಮೂಲೆಯಲ್ಲಿ ಮಣ್ಣು ಮಾಡಿ ಬಂದಿದ್ದೆವು. ಇನ್ನೊಬ್ಬ ಉಪ್ಪಿಟ್ಟು ತಿನ್ನುತ್ತಿದ್ದ.

ನಾನು ಓದಿದ್ದು ಏಳನೇ ಕ್ಲಾಸಿನವರೆಗೆ. ಸತ್ತವರ ಬಗ್ಗೆ ಒಳ್ಳೆಯದನ್ನೇ ಬರೆಯಬೇಕಂತೆ. ನಮ್ಮಕ್ಕ ಇದ್ದಿದ್ದರೆ ಅಂಥ ಬರಹವನ್ನು ಒಲೆಗೆ ಹಾಕುತ್ತಿದ್ದಳು. ಆದ್ದರಿಂದ ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ. ಅವಳ ಹೆಸರು ಬರೆಯುವುದಿಲ್ಲ. ಯಾಕೆಂದು ಓದುತ್ತಾ ಹೋದರೆ ತಿಳಿಯುತ್ತದೆ. ಒಮ್ಮೆ ಅವಳ ಹೆಸರು ಹೇಳಬೇಕಾಗಿದ್ದ ಜಾಗದಲ್ಲಿ ನಾನು ಹೇಳಲಿಲ್ಲ. ಈಗ ಹೇಳುವ ಅಧಿಕಾರ ನನಗಿಲ್ಲ.

ನಮ್ಮೂರು ಯಲ್ದೂರಿನಿಂದ ಸ್ವಲ್ಪ ಒಳಗೆ. ಸುತ್ತ ಮಾವಿನ ತೋಪು, ನಡುವೆ ನಾವು. ಅಕ್ಕನನ್ನು ಮುಳಬಾಗಿಲ ಕಡೆಗೆ ಕೊಟ್ಟಿದ್ದರು. ಕೆಲವು ವರ್ಷ ಅಲ್ಲಿ ಬಾಳಿದಳು. ಆಮೇಲೆ ಒಂದು ಮಧ್ಯಾಹ್ನ ಬಾಡಿಗೆ ಟೆಂಪೋದಲ್ಲಿ ಒಂದು ಹಸುವಿನ ಜೊತೆ ಬಂದಿಳಿದಳು. ಊರಿನ ಅರ್ಧ ಜನ ಅರಳಿಕಟ್ಟೆಯ ಮೇಲೆ ಕೂತಿದ್ದರು. ಅಮ್ಮ ಹೊಸಿಲಲ್ಲೇ ನಿಂತು, "ಅಳಿಯಂದ್ರು ಎಲ್ಲೇ?" ಎಂದು ಕೇಳಿದಳು.

"ಮನೇಲವ್ರೆ."

"ಮತ್ತೆ ಈ ಹಸು?"

"ಎರಡರಲ್ಲಿ ಹಾಲು ಕೊಡೋದ್ಯಾವುದೋ ಅದನ್ನ ಹೊಡ್ಕೊಂಡ್ ಬಂದೆ."

ಅರಳಿಕಟ್ಟೆ ಬಿದ್ದು ಬಿದ್ದು ನಕ್ಕಿತು. ಅದು ಅವಳ ಮಾತಿಗೆ ನಕ್ಕ ನಗು ಎಂದು ನಾನು ಬಹಳ ದಿನ ಅಂದುಕೊಂಡಿದ್ದೆ. ಗಂಡನನ್ನು ಬಿಟ್ಟು ಹಸು ಹೊಡೆದುಕೊಂಡು ಬಂದವಳನ್ನು ನೋಡಿ ನಕ್ಕ ನಗು ಎಂದು ಅವಳಿಗೆ ಆಗಲೇ ಗೊತ್ತಾಗಿತ್ತು. ಅವಳು ಆ ನಗುವನ್ನು ಮರೆಯಲಿಲ್ಲ. ಆದರೆ ಅದಕ್ಕಾಗಿ ಅತ್ತಿದ್ದನ್ನೂ ನಾನು ನೋಡಲಿಲ್ಲ. ಅವಳು ಅಳುವುದಿದ್ದರೆ ಅದನ್ನು ಬೈಗುಳ ಮಾಡಿ ಹೊರಗೆ ಹಾಕುತ್ತಿದ್ದಳು.

ಬೈಗುಳ ಎಂದರೆ ಕೂಗಾಟ ಎಂದುಕೊಳ್ಳಬೇಡಿ. ನಮ್ಮಕ್ಕ ದನಿ ಎತ್ತುತ್ತಿರಲಿಲ್ಲ. ಬಾಯಲ್ಲಿ ಎಲೆಅಡಿಕೆ ಇಟ್ಟುಕೊಂಡು, ಸೀರೆಯ ಮೇಲೆ ನನ್ನದೊಂದು ಹಳೇ ಅಂಗಿ ಹಾಕಿಕೊಂಡು, ಕೊಟ್ಟಿಗೆ ಗುಡಿಸುತ್ತಾ ಒಂದೇ ಸಮನೆ ಬೈಯುತ್ತಿದ್ದಳು. ಹಾಡು ಗೊತ್ತಿಲ್ಲದವರು ಗುನುಗುತ್ತಾರಲ್ಲ, ಹಾಗೆ. ಮನುಷ್ಯರನ್ನು ಕನ್ನಡದಲ್ಲಿ, ದನಗಳನ್ನು ತೆಲುಗಿನಲ್ಲಿ. ನಮ್ಮ ಕಡೆ ಎರಡೂ ಎಲ್ಲರ ಬಾಯಲ್ಲೂ ಬೆರೆತಿರುತ್ತವೆ. ಆದರೆ ಹೀಗೆ ಪಾಲು ಮಾಡಿಕೊಂಡವಳು ಇವಳೊಬ್ಬಳೇ. ಒಮ್ಮೆ ಕಾರಣ ಕೇಳಿದೆ.

"ದನಕ್ಕೆ ಕನ್ನಡ ತಿಳಿಯಲ್ಲ ಕಣೋ. ತಿಳಿಯೋದಾಗಿದ್ರೆ ನೀನ್ಯಾಕೆ ಏಳನೇ ಕ್ಲಾಸಲ್ಲಿ ನಿಲ್ತಿದ್ದೆ?"

ನನ್ನನ್ನು ಮಾತ್ರ ಎರಡೂ ಬೆರೆಸಿ ಬೈಯುತ್ತಿದ್ದಳು. ನಾನು ಯಾವ ಕಡೆಗೆ ಸೇರಿದವನು ಎಂಬುದು ಅವಳಿಗಿನ್ನೂ ತೀರ್ಮಾನವಾಗಿರಲಿಲ್ಲ.

ದೇವರಿಗೂ ವಿನಾಯಿತಿ ಇರಲಿಲ್ಲ. ಶಿವಾರಪಟ್ಟಣದಿಂದ ನಮ್ಮೂರ ಗುಡಿಗೆ ಹೊಸ ಬಸವಣ್ಣನ ವಿಗ್ರಹ ಬಂದಾಗ ಊರೆಲ್ಲ ಅಡ್ಡಬಿದ್ದಿತು. ಅಕ್ಕ ಅದರ ಸುತ್ತ ಒಂದು ಸುತ್ತು ಬಂದು, ಹಿಂದೆ ನಿಂತು, "ಹಿಂಗಾಲು ಸೊಟ್ಟ. ಓಡಾಡೋದಿಲ್ವಲ್ಲ, ಪರವಾಗಿಲ್ಲ" ಎಂದಳು. ಪೂಜಾರಿ ಎರಡು ವಾರ ಅವಳಿಗೆ ತೀರ್ಥ ಕೊಡಲಿಲ್ಲ. "ನೀರು ತಾನೇ, ಮನೇಲೂ ಬರುತ್ತೆ" ಎಂದಳು.

ಅವಳು ತಂದ ಹಸುವಿನ ಮೊಮ್ಮಗಳೇ ಈಗಿನ ಈ ಹಸು, ಆಗ ಕರು. ಅದು ಹುಟ್ಟುವ ಹೊತ್ತಿಗೆ ಪಕ್ಕದ ಹೊಲದಲ್ಲಿ ಬೋರ್‌ವೆಲ್ ಲಾರಿ ನೆಲ ಕೊರೆಯುತ್ತಿತ್ತು. ಕರು ಕಣ್ಣು ಬಿಟ್ಟಾಗ ಭೂಮಿಯೇ ನಡುಗುತ್ತಿತ್ತು. ಅದು ಆವತ್ತೇ ಈ ಲೋಕದ ಮೇಲೆ ನಂಬಿಕೆ ಕಳೆದುಕೊಂಡಿತು. ಕಾಗೆ ಕಂಡರೆ ಹೆದರಿಕೆ, ಪ್ಲಾಸ್ಟಿಕ್ ಕವರ್ ಕಂಡರೆ ಹೆದರಿಕೆ, ಕ್ಯಾನಿನ ಮುಚ್ಚಳ ಬಿದ್ದರೆ ಗೋದಲಿಯ ಕೆಳಗೆ ನುಗ್ಗುವುದು. ತನ್ನ ಬಾಲ ತನ್ನ ಪಕ್ಕೆಗೆ ಬಡಿದಾಗಲೂ ಬೆಚ್ಚಿಬೀಳುತ್ತಿತ್ತು. ಅಕ್ಕ ಅದಕ್ಕೆ ಪುಕ್ಕಲಿ ಎಂದು ಹೆಸರಿಟ್ಟಳು.

ಆದರೆ ನೋಡಲು ಲಕ್ಷಣ. ಕಪ್ಪು ಬಿಳಿ ಮೈ, ಹಲಗೆಯಂಥ ಬೆನ್ನು. ಇಂಜೆಕ್ಷನ್ ಕೊಡಲು ಬಂದ ದನದ ಡಾಕ್ಟರು ಅದನ್ನು ನೋಡಿ, "ಶ್ರೀನಿವಾಸಪುರದಲ್ಲಿ ಕರು ಪ್ರದರ್ಶನ ಇಡ್ತಾರಮ್ಮ, ಕರ್ಕೊಂಡ್ ಬನ್ನಿ. ಮೈಕಟ್ಟಿಗೇ ಬಹುಮಾನ ಬರುತ್ತೆ. ಆದ್ರೆ ಹಗ್ಗ ಹಿಡಿದ್ರೆ ಅಚ್ಚುಕಟ್ಟಾಗಿ ನಡೀಬೇಕು, ನಿಲ್ಸಿದ್ ಕಡೆ ನಿಲ್ಬೇಕು" ಎಂದರು. ಹೇಳುವಾಗಲೇ ಅವರ ಬ್ಯಾಗಿನ ಜಿಪ್ಪಿನ ಸದ್ದಿಗೆ ಕರು ಹಿತ್ತಿಲು ಸೇರಿತ್ತು.

ಆವತ್ತು ಸಂಜೆ ಅಕ್ಕ ನನ್ನ ಹೆಂಡತಿಯ ಹತ್ತಿರ ಹೇಳಿದ್ದನ್ನು ನಾನು ಹೊರಗೆ ಟೆಂಪೋ ತೊಳೆಯುತ್ತಾ ಕೇಳಿಸಿಕೊಂಡೆ. "ಹಸು ಹೊಡ್ಕೊಂಡ್ ಬಂದಾಗ ಎಲ್ರೂ ನಕ್ರಲ್ಲ. ಅದರ ಮೊಮ್ಮಗಳನ್ನ ಹಿಡ್ಕೊಂಡು ಅವರೆಲ್ರ ಮುಂದೆ ಒಂದು ಸುತ್ತು ಬರ್ಬೇಕು ಕಣೇ. ಒಂದೇ ಸುತ್ತು. ಬಹುಮಾನ ಬಂದ್ರೆ ಬರ್ಲಿ, ಬಿಟ್ರೆ ಬಿಡ್ಲಿ."

ಅವಳು ತನಗೆಂದು ಏನನ್ನಾದರೂ ಬೇಕು ಅಂದದ್ದನ್ನು ನಾನು ಕೇಳಿದ್ದು ಆವತ್ತೊಂದೇ ಸಲ.

ಕರುವಿನ ಮೂಗು ಚುಚ್ಚಿಸಲು ಅವಳು ಒಪ್ಪಲಿಲ್ಲ. ಕೆನ್ನೆಗಳನ್ನು ಬಳಸಿ ಕಿವಿಯ ಹಿಂದೆ ಕಟ್ಟುವ ಮುಖದ ಹಗ್ಗವನ್ನು ತಾನೇ ಹಳೇ ಹತ್ತಿ ಸೀರೆ ಹರಿದು ಹೊಸೆದಳು. ಮೊದಲ ಕೆಲವು ದಿನ ಅದನ್ನು ಕಟ್ಟಿ, ತುದಿಯನ್ನು ಉದ್ದಕ್ಕೆ ನೆಲಕ್ಕೆ ಬಿಟ್ಟುಬಿಟ್ಟಳು. ಕರು ಓಡುವುದು, ಹಗ್ಗದ ತುದಿಯನ್ನು ತಾನೇ ತುಳಿಯುವುದು, ತನ್ನ ಮುಖವನ್ನು ತಾನೇ ಜಗ್ಗಿಕೊಂಡು ನಿಲ್ಲುವುದು. "ಎಳೀತಿರೋದು ನಾನಲ್ಲ, ತಾನೇ ಅಂತ ಅದಕ್ಕೆ ಗೊತ್ತಾಗ್ಬೇಕು" ಎಂದಳು. ಆಮೇಲೆ ತುದಿ ಹಿಡಿದಳು. ಕರು ಒಂದು ಹೆಜ್ಜೆ ಮುಂದಿಟ್ಟರೆ ಸಾಕು, ಹಗ್ಗ ಸಡಿಲ ಬಿಡುತ್ತಿದ್ದಳು. ನಿಂತರೆ ತಾನೂ ನಿಲ್ಲುತ್ತಿದ್ದಳು, ಎಲೆಅಡಿಕೆ ಹಾಕಿಕೊಳ್ಳುತ್ತಿದ್ದಳು. ನಾನು ಒಮ್ಮೆ ಹಿಡಿದು ಜಗ್ಗಿದೆ. ಕರು ನಾಲ್ಕು ಕಾಲೂ ಊರಿ ನಿಂತಿತು.

"ಬಿಡೋ ಲೇ. ಹಗ್ಗ ಬಿಗಿಯಾಗಿದ್ರೆ ಹಿಡ್ಕೊಂಡಿರೋನು ಕತ್ತೆ ಅಂತ ಲೆಕ್ಕ."

ಹೆದರಿಕೆ ಬಿಡಿಸುವುದಕ್ಕೆ ಅವಳ ಹತ್ತಿರ ಇದ್ದದ್ದು ಬೈಗುಳವೇ. ಕರು ಬೆಚ್ಚಿದ ಕೂಡಲೇ ಅವಳ ಗುನುಗು ಶುರುವಾಗುತ್ತಿತ್ತು. "ಏಮೇ ಪನಿಕಿಮಾಲಿನದಾನಾ, ಎಕ್ಕಡಿಕೇ ಪೋತಾವು?" ಕೆಲಸಕ್ಕೆ ಬಾರದವಳೇ, ಎಲ್ಲಿಗೆ ಹೋಗ್ತೀಯೇ ಎಂದು. ಅದೇ ದನಿ, ಅದೇ ಏರಿಳಿತ. ಕರುವಿನ ಕಿವಿ ಅವಳ ಕಡೆ ತಿರುಗುತ್ತಿತ್ತು, ಉಸಿರು ಇಳಿಯುತ್ತಿತ್ತು. ಲೋಕದಲ್ಲಿ ಏನೇ ಗುಡುಗಿದರೂ ಈ ದನಿ ಮಾತ್ರ ದಿನವೂ ಒಂದೇ ಥರ ಇರುತ್ತದೆಂದು ಅದು ಕಂಡುಕೊಂಡಿತ್ತು.

ತೊಂದರೆ ಏನೆಂದರೆ, ಎಷ್ಟೆಂದರೂ ಅದು ಕರು. ಬೈಯುವಂಥದ್ದು ಅದು ಏನು ಮಾಡಿರುತ್ತದೆ? ಬೇಗ ವಿಷಯ ಮುಗಿದುಹೋಗುತ್ತಿತ್ತು. ಆಗ ಅಕ್ಕ ನನ್ನ ಕಡೆಗೆ ತಿರುಗುತ್ತಿದ್ದಳು. ನನ್ನ ವಿಷಯ ಮುಗಿಯುವಂಥದ್ದಲ್ಲ. ನನ್ನ ಸರದಿ ಬಂದಾಗ ಕರು ಮೆಲುಕು ಹಾಕಲು ಶುರುಮಾಡುತ್ತಿತ್ತು. ಅದಕ್ಕೆ ನನ್ನನ್ನು ಬೈಯುವುದನ್ನು ಕೇಳುವುದರಷ್ಟು ನೆಮ್ಮದಿ ಯಾವುದರಲ್ಲೂ ಇರಲಿಲ್ಲ. ಈ ಮಾತನ್ನು ನೆನಪಿಟ್ಟುಕೊಳ್ಳಿ.

ಆಮೇಲೆ ಸದ್ದಿನ ಪಾಠ. ಪ್ರದರ್ಶನ ಎಂದರೆ ಗದ್ದಲ, ಜನ, ಮೈಕು ಎಂದು ಅವಳ ಲೆಕ್ಕ. ಮಾವಿನ ಕಾಲದಲ್ಲಿ ನನ್ನ ಟೆಂಪೋದಲ್ಲಿ ಹಣ್ಣಿನ ಕ್ರೇಟುಗಳ ಜೊತೆ ಪುಕ್ಕಲಿಯನ್ನೂ ಹತ್ತಿಸಿಕೊಂಡು ಶ್ರೀನಿವಾಸಪುರದ ಮಂಡಿಗೆ ಬಂದಳು. ಹರಾಜು ಕೂಗುವವರ ಪಕ್ಕ ನಿಲ್ಲಿಸಿದಳು. ತಮಟೆಯವರು ಅಭ್ಯಾಸ ಮಾಡುವ ಕಡೆ ಕಟ್ಟಿದಳು. ಬಸ್‌ಸ್ಟ್ಯಾಂಡಿನಲ್ಲಿ ಕೋಲಾರದ ಬಸ್ಸು ಹಾರ್ನ್ ಹೊಡೆಯುವ ಜಾಗದಲ್ಲಿ ನಿಲ್ಲಿಸಿ ಬೈದಳು. ಒಂದು ದಿನ ವೆಲ್ಡಿಂಗ್ ಅಂಗಡಿಯ ಮುಂದೆ ಗಂಟೆಗಟ್ಟಲೆ ನಿಂತಳು. ಅಂಗಡಿಯ ಸಾಬರು ಕನ್ನಡಕ ಎತ್ತಿ, "ಕ್ಯಾ ಅಕ್ಕಾ, ಕರೂಗೆ ವೆಲ್ಡಿಂಗ್ ಮಾಡ್ಬೇಕಾ?" ಎಂದರು.

"ಕರೂಗಲ್ಲ ಭಾಯ್, ಇವನ ಬಾಯಿಗೆ" ಎಂದು ನನ್ನನ್ನು ತೋರಿಸಿದಳು.

ಹೀಗೆ ಭೂಮಿಯ ಮೇಲಿನ ಎಲ್ಲ ಸದ್ದನ್ನೂ ಆ ಕರುವಿಗೆ ಅಭ್ಯಾಸ ಮಾಡಿಸಿದಳು. ಮುಂದೆ ಪಟಾಕಿ ಸಿಡಿದರೂ ಅದು ಕಣ್ಣು ಮಿಟುಕಿಸುತ್ತಿರಲಿಲ್ಲ. ಒಂದನ್ನು ಮಾತ್ರ ಕಲಿಸಲಿಲ್ಲ. ನಮ್ಮಂಥವರಿಗೆ ಅದು ಹೊಳೆಯುವುದೂ ಇಲ್ಲ.

ಪ್ರದರ್ಶನದ ದಿನ ಕರುವಿಗೆ ಸೀಗೆಕಾಯಿ ಹಾಕಿ ಸ್ನಾನ ಮಾಡಿಸಿದಳು, ಗೊರಸಿಗೆ ಹರಳೆಣ್ಣೆ ಹಚ್ಚಿದಳು. ತಾನು ಮುಳಬಾಗಿಲಿಂದ ಬರುವಾಗ ತಂದಿದ್ದ ಒಂದೇ ಒಂದು ರೇಷ್ಮೆ ಸೀರೆ ಉಟ್ಟಳು. ಹೆಂಡತಿ ಮುಡಿಸಲು ಬಂದ ಕನಕಾಂಬರವನ್ನು ಬೈದುಕೊಂಡೇ ಮುಡಿದಳು. ನಾನೂ ಸುಮ್ಮನಿರಲಿಲ್ಲ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಮೀಸೆಗೆ ಕಪ್ಪು. ಪೇಪರಿನವರು ಬರುತ್ತಾರೆಂದು ಕೇಳಿದ್ದೆ.

ಮೈದಾನದಲ್ಲಿ ಬೊಂಬು ನೆಟ್ಟು ಹಗ್ಗ ಕಟ್ಟಿ ಒಂದು ಅಂಕಣ ಮಾಡಿದ್ದರು. ನಮ್ಮೂರಿನವರೆಲ್ಲ ಹಗ್ಗದ ಆಚೆ ನಿಂತಿದ್ದರು. ಅರಳಿಕಟ್ಟೆಯನ್ನೇ ಎತ್ತಿಕೊಂಡು ಬಂದ ಹಾಗಿತ್ತು. ಹಾಲಿನ ಡೈರಿಯಲ್ಲಿ ಸದಸ್ಯತ್ವ ಇರುವುದು ನನ್ನ ಹೆಸರಲ್ಲಿ. ಎರಡು ಹೊತ್ತು ಹಾಲು ಹಾಕುವವಳು ಅವಳು, ಹೆಸರು ನನ್ನದು. ನಮ್ಮ ಕಡೆ ಬಹಳ ಮನೆಗಳಲ್ಲಿ ಹಾಗೆಯೇ. ಆದ್ದರಿಂದ ಮೈಕಿನಲ್ಲಿ ನನ್ನ ಹೆಸರು ಕೂಗಿದರು. ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಗ್ಗ ಹಿಡಿದು ಒಂದು ಹೆಜ್ಜೆ ಮುಂದಿಟ್ಟಳು.

ಸದಸ್ಯರೇ ಹಿಡಿಯಬೇಕೆಂದು ಯಾರೂ ಹೇಳಿರಲಿಲ್ಲ. ನಮಗಿಂತ ಮುಂಚೆ ಹೋದ ಹೆಂಗಸರು ತಮ್ಮ ತಮ್ಮ ಕರು ಹಿಡಿದು ಸುತ್ತು ಬಂದಿದ್ದರು. ಇದನ್ನು ಯಾಕೆ ಬರೆಯುತ್ತಿದ್ದೇನೆಂದರೆ, ಆಮೇಲೆ ಕೇಳಿದವರಿಗೆಲ್ಲ ನಾನು "ರೂಲ್ಸು ಹಂಗಿತ್ತು" ಎಂದೇ ಹೇಳಿಕೊಂಡು ಬಂದಿದ್ದೇನೆ. ರೂಲ್ಸು ಹಂಗಿರಲಿಲ್ಲ. ಅಂಕಣದ ಆ ಕಡೆ ಒಬ್ಬ ಕ್ಯಾಮೆರಾ ಹಿಡಿದು ನಿಂತಿದ್ದ.

"ಕೂಗಿದ್ದು ನನ್ನ ಹೆಸರು ಕಣಕ್ಕ" ಎಂದು ನಾನು ಹಗ್ಗಕ್ಕೆ ಕೈ ಹಾಕಿದೆ.

ಅವಳು ನನ್ನನ್ನು ನೋಡಿದಳು. ನನ್ನ ಮೀಸೆಯನ್ನೂ ನೋಡಿದಳು. ಹಗ್ಗ ಬಿಟ್ಟಳು. "ಹಿಡ್ಕೋ. ಎಳೀಬೇಡ" ಎಂದಳು ಅಷ್ಟೆ.

ಅರ್ಧ ಸುತ್ತು ಸರಿಯಾಗಿಯೇ ನಡೆಯಿತು. ಜನ ಗಲಾಟೆ ಮಾಡುತ್ತಿದ್ದರು, ಪುಕ್ಕಲಿ ಮಂಡಿಯಲ್ಲಿ ನಡೆದ ಹಾಗೆ ಹಾಯಾಗಿ ನಡೆಯಿತು. ನಡುವೆ ಬಂದು ನಿಂತೆವು. ತೀರ್ಪು ಕೊಡುವ ದೊಡ್ಡ ಡಾಕ್ಟರು ಹತ್ತಿರ ಬಂದರು. ಆಗ ಮೈಕಿನವನು, "ದಯವಿಟ್ಟು ಯಾರೂ ಶಬ್ದ ಮಾಡಬಾರದು, ಕರುಗಳು ಹೆದರುತ್ತವೆ" ಎಂದ. ಇಡೀ ಮೈದಾನ ಗಪ್ಪಾಯಿತು.

ಪುಕ್ಕಲಿ ತನ್ನ ಜನ್ಮದಲ್ಲಿ ಅಂಥ ಮೌನ ಕೇಳಿರಲಿಲ್ಲ. ಅದರ ಕಿವಿ ನಿಗುರಿದವು. ಮೈ ನಡುಗಿತು. ಬಾಯಿಂದ ಜೊಲ್ಲು ಇಳಿಯಿತು. ಹಿಂದಕ್ಕೆ ಜಗ್ಗಿತು. ನಾನು ಎಳೆದೆ. ಎಳೀಬೇಡ ಅಂದಿದ್ದಳು, ಎಳೆದೆ. ಕರು ಮುಂಗಾಲು ಎತ್ತಿತು. ಡಾಕ್ಟರು ಎರಡು ಹೆಜ್ಜೆ ಹಿಂದೆ ಸರಿದರು.

ಆಗ ಆ ಮೌನದಲ್ಲಿ ಹಗ್ಗದ ಆಚೆಯಿಂದ ಒಂದು ದನಿ ಬಂತು. ಎತ್ತರದ ದನಿಯಲ್ಲ. ದಿನದ ದನಿ.

"ಏಮಿರಾ ಪನಿಕಿಮಾಲಿನೋಡಾ. ಸಡಿಲ ಬಿಡೋ ಹಗ್ಗಾನ. ಹಲ್ಲಿ ಕಂಡ್ರೆ ಮಂಚ ಹತ್ತೋನು, ಕರೂಗೆ ಧೈರ್ಯ ಹೇಳಾಕ್ ಹೋಗವ್ನೆ. ಟೆಂಪೋ ರಿವರ್ಸ್ ತಗೊಂಡು ನಮ್ಮ ಗೋಡೆ ನೀನೇ ಬೀಳ್ಸಿ, ಎಮ್ಮೆ ಗುದ್ತು ಅಂದೋನಲ್ವೇನೋ ನೀನು. ಪಾಪ, ಆ ಎಮ್ಮೆ ಏಟು ತಿಂತು. ಹೆಣ್ಣು ನೋಡಕ್ಕೆ ಹೋದಾಗ ಹತ್ತನೇ ಕ್ಲಾಸ್ ಪಾಸು ಅಂದೆ. ಎದುರುಗಡೆ ಕೂತು ಬೋಂಡ ತಟ್ಟೆ ಖಾಲಿ ಮಾಡ್ದೆ, ಅದೊಂದ್ರಲ್ಲೇ ನೀನು ಪಾಸಾಗಿದ್ದು. ಮೀಸೆಗೆ ಕಪ್ಪು ಬಳ್ಕೊಂಡು ಬಂದಿದ್ದೀಯಲ್ಲೋ, ಬೆವರಿಗೆ ಇಳೀತೈತೆ, ಒರೆಸ್ಕೋ."

ಮೈದಾನ ನಗಲು ಶುರುಮಾಡಿತು. ನನ್ನ ಹೆಂಡತಿ ನಗುತ್ತಿದ್ದಳು, ನಮ್ಮೂರು ನಗುತ್ತಿತ್ತು, ಡಾಕ್ಟರು ಕರ್ಚೀಫಿನಲ್ಲಿ ಬಾಯಿ ಮುಚ್ಚಿಕೊಂಡಿದ್ದರು.

ನಾನು ಒಪ್ಪಿಕೊಳ್ಳಬೇಕಾದ್ದು ಇದು. ಅವಳು ಬೈಯಲು ಶುರುಮಾಡಿದ ಮೊದಲ ಉಸಿರಿಗೇ ನನ್ನ ಕೈಯಲ್ಲಿದ್ದ ಹಗ್ಗ ಸಡಿಲವಾಯಿತು. ನಾನು ಬಿಟ್ಟಿದ್ದಲ್ಲ, ಕರುವೇ ಮುಂದೆ ಬಂದು ನಿಂತಿತು. ಎಮ್ಮೆಯ ಮಾತಿಗೆ ಅದರ ಕಿವಿ ಇಳಿದವು. ಬೋಂಡದ ಮಾತಿಗೆ ಮೆಲುಕು ಶುರುಮಾಡಿತು. ನಾಲ್ಕು ಕಾಲೂ ಸಮಕ್ಕಿಟ್ಟು ಶಿವಾರಪಟ್ಟಣದ ಕಲ್ಲಿನ ಬಸವನ ಹಾಗೆ ನಿಂತಿತು. ಹಿಂಗಾಲು ಸೊಟ್ಟಗಿರಲಿಲ್ಲ. ಅವಳು ನನ್ನನ್ನು ಬೈಯುತ್ತಿರಲಿಲ್ಲ. ಅಷ್ಟು ದೂರದಿಂದ ಬರಿಗೈಯಲ್ಲಿ ಕರುವನ್ನು ಹಿಡಿದು ನಿಲ್ಲಿಸಿದ್ದಳು. ಇದು ನನಗೆ ಆಗಲೇ ಗೊತ್ತಿತ್ತು.

ಡಾಕ್ಟರು ಅಳೆದು, ಸವರಿ, ಬಾಯಿ ನೋಡಿ, "ಎಷ್ಟು ಚೆನ್ನಾಗಿ ಪಳಗಿದೆ. ಯಾರು ಪಳಗಿಸಿದ್ದು?" ಎಂದರು. ಮೈಕಿನವನು ಮೈಕನ್ನು ನನ್ನ ಬಾಯಿಗಿಟ್ಟ.

"ನಾನೇ ಸಾರ್."

"ಆ ಅಮ್ಮ ಯಾರು, ಬೈತಿರೋದು?"

"ನಮ್ಮೂರವಳು ಸಾರ್. ಸ್ವಲ್ಪ ತಲೆ ಸರಿಯಿಲ್ಲ."

ಹುಣಸೆ ಮರಕ್ಕೆ ಕಟ್ಟಿದ್ದ ಮೈಕಿನ ಹಾರ್ನು ಅದನ್ನು ಮೈದಾನಕ್ಕೆಲ್ಲ ಹೇಳಿತು. ನನ್ನ ದನಿ ನನಗೇ ವಾಪಸ್ಸು ಬಂದು ಕೇಳಿಸಿತು.

ಬೈಗುಳ ನಿಂತಿತು. ಪುಕ್ಕಲಿ ಮೆಲುಕು ನಿಲ್ಲಿಸಿ, ಕತ್ತು ತಿರುಗಿಸಿ ಅವಳು ನಿಂತಿದ್ದ ಕಡೆ ನೋಡಿತು. ಆಗಲೇ ಕ್ಯಾಮೆರಾದವನು ಫೋಟೊ ತೆಗೆದ.

ಮೊದಲ ಬಹುಮಾನ ಬಂತು. ಒಂದು ಸ್ಟೀಲ್ ಬಕೆಟ್, ಒಂದು ಶಾಲು. ಬರುವಾಗ ಅಕ್ಕ ಟೆಂಪೋದಲ್ಲಿ ನನ್ನ ಪಕ್ಕ ಕೂತಿದ್ದಳು. ವಾಪಸ್ಸು ಹೋಗುವಾಗ ರೇಷ್ಮೆ ಸೀರೆಯಲ್ಲೇ ಹಿಂದೆ ಹತ್ತಿ ಕರುವಿನ ಜೊತೆ ನಿಂತಳು. ಮನೆಗೆ ಬಂದ ಮೇಲೆ ಬಹುಮಾನದ ಬಕೆಟ್ಟನ್ನು ಗಂಜಲ ಹಿಡಿಯಲು ಇಟ್ಟಳು. ಅದರ ಬಗ್ಗೆ ಅವಳು ಕೊಟ್ಟ ತೀರ್ಪು ಅಷ್ಟೇ.

ಊರು ಬೇರೆ ತೀರ್ಪು ಕೊಟ್ಟಿತು. ಯಾರೋ ಮೊಬೈಲಿನಲ್ಲಿ ವಿಡಿಯೊ ತೆಗೆದಿದ್ದರು. ಅವಳು ಬೈಯುವುದು ಮಾತ್ರ ಅದರಲ್ಲಿತ್ತು, ನನ್ನ ಮಾತಿಗೆ ಮುಂಚೆಯೇ ಮುಗಿಯುತ್ತಿತ್ತು. ಡೈರಿಯ ವಾಟ್ಸಾಪ್ ಗುಂಪಿನಲ್ಲಿ ಅದು ಓಡಾಡಿತು. "ಅವನು ಅಂದಿದ್ದು ತಪ್ಪೇ, ಆದ್ರೆ ನಾಲ್ಕು ಜನರ ಮುಂದೆ ತಮ್ಮನ ಮಾನ ಕಳೆಯೋದೇನು? ಬಹುಮಾನ ತಪ್ಪೋಗ್ತಿತ್ತು ಅವಳ ಬಾಯಿಂದ" ಎಂದು ಮಾತಾಯಿತು. ಅವಳ ಬಾಯಿಂದಲೇ ಬಂದ ಬಹುಮಾನ. ಒಂದು ಮಾತು ಹೇಳಿದ್ದರೆ ಸಾಕಿತ್ತು. ನಾನು ಹೇಳಲಿಲ್ಲ. ಬದಲಿಗೆ ನಮ್ಮ ನೆಂಟರಿಗೆಲ್ಲ ಆ ವಿಡಿಯೊ ಕಳಿಸಿದ್ದೂ ನಾನೇ, ನಗುವ ಬೊಂಬೆ ಹಾಕಿ. ಆಗ ನಾನು ತಪ್ಪು ಮಾಡಿದವನಲ್ಲ, ಮಾನ ಹೋದವನು. ಅದು ಬಹಳ ಅನುಕೂಲದ ಜಾಗ.

ಫೋಟೊ ಡೈರಿಯ ಗೋಡೆ ಏರಿತು. ಕೆಳಗೆ ನನ್ನ ಹೆಸರು. ಅವಳು ದಿನಾ ಎರಡು ಹೊತ್ತು ಅದರ ಕೆಳಗೆ ನಿಂತು ಹಾಲು ಹಾಕಿದಳು. ಹೊಸಬರು ಯಾರಾದರೂ, "ಕರು ಯಾಕೆ ಆ ಕಡೆ ನೋಡ್ತಿದೆ?" ಎಂದರೆ, "ಪಕ್ಕದಲ್ಲಿರೋದನ್ನ ನೋಡಕ್ಕಾಗ್ದೆ" ಎನ್ನುತ್ತಿದ್ದಳಂತೆ.

ನನಗೆ ಮಾತ್ರ ಆವತ್ತಿನಿಂದ ಬೈಗುಳ ಬಂದ್ ಆಯಿತು. ಮಾತು ಬಿಟ್ಟಳು ಎಂದಲ್ಲ. ಊಟಕ್ಕೆ ಕರೆಯುತ್ತಿದ್ದಳು, ಹಿಂಡಿ ತರಲು ಹೇಳುತ್ತಿದ್ದಳು, ಜ್ವರ ಬಂದರೆ ಕಷಾಯ ಕಾಯಿಸುತ್ತಿದ್ದಳು. ಬೈಯುತ್ತಿರಲಿಲ್ಲ. ಎಲ್ಲರನ್ನೂ ಬೈದಳು, ಪುಕ್ಕಲಿಯನ್ನು ಎರಡು ಹೊತ್ತು ಬೈದಳು. ನನ್ನನ್ನು ಬಿಟ್ಟಳು. ಮೊದಮೊದಲು ನೆಮ್ಮದಿ ಎನಿಸಿತು. ಆಮೇಲೆ ಭಯವಾಯಿತು. ಬೈಸಿಕೊಳ್ಳಲೆಂದೇ ಅವಳ ಕೊತ್ತಂಬರಿ ಮಡಿಯ ಮೇಲೆ ಟೆಂಪೋ ಹತ್ತಿಸಿದೆ. ಅವಳು ಬಂದು, ಬಗ್ಗಿ, ಉಳಿದ ಗಿಡಗಳನ್ನು ಎತ್ತಿ ನಿಲ್ಲಿಸಿ, ಮಣ್ಣು ಒತ್ತಿ ಹೋದಳು. ಕೊಟ್ಟಿಗೆಯಲ್ಲಿ ಅವಳು ಹಸುವನ್ನು ಬೈಯುವ ಹೊತ್ತಿಗೆ ನಾನು ಗೋಡೆಯ ಈಚೆ ಟೈರಿನ ಗಾಳಿ ನೋಡುವ ನೆಪದಲ್ಲಿ ಕೂರುತ್ತಿದ್ದೆ.

ಒಂದು ಸಲ ಬಾಯಿ ತೆಗೆದೆ. "ಅಕ್ಕ, ಆವತ್ತು ನಾನು..."

"ಸೀಮೆಹುಲ್ಲು ಕುಯ್ದಾಯ್ತಾ?"

"ಆಯ್ತು."

"ಸರಿ."

ಮುಂದಿನ ಸಲದ ಪ್ರದರ್ಶನಕ್ಕೆ ಕರೆಯಲು ದನದ ಡಾಕ್ಟರು ಮತ್ತೆ ಮನೆಗೆ ಬಂದರು. ಪುಕ್ಕಲಿಗೆ ತಂಗಿ ಹುಟ್ಟಿತ್ತು, ಅದೂ ಲಕ್ಷಣವಾಗಿತ್ತು. "ಇದನ್ನೂ ಪಳಗ್ಸಮ್ಮ" ಎಂದರು. ನಾನು ಅವರಿಗೆ ಅನುಕೂಲವಾಗಲೆಂದು ಹಸುವಿನ ಬಾಲ ಹಿಡಿದುಕೊಂಡು ನಿಂತಿದ್ದೆ. ಅಕ್ಕ ಎಲೆಗೆ ಸುಣ್ಣ ಸವರುತ್ತಾ, "ನನ್ನಿಂದಾಗಲ್ಲ ಸಾರ್. ನಂಗೆ ತಲೆ ಸರಿಯಿಲ್ಲ" ಎಂದಳು. ಡಾಕ್ಟರು ತಮಾಷೆ ಎಂದುಕೊಂಡು ನಕ್ಕರು. ನಾನು ಬಾಲ ಹಿಡಿದುಕೊಂಡೇ ನಿಂತಿದ್ದೆ.

ಅವಳು ಮತ್ತೆ ಯಾವ ಕರುವಿಗೂ ಮುಖದ ಹಗ್ಗ ಕಟ್ಟಲಿಲ್ಲ.

ಹೋದದ್ದೂ ಅವಳದೇ ರೀತಿ. ಬೆಳಗಿನ ಹಾಲು ಹಾಕಿ ಬಂದಳು, ಡೈರಿ ಸೆಕ್ರೆಟರಿ ಹಾಲು ತೂಗುವ ರೀತಿಗೆ ಬೈದಳು, ಎದೆ ಹಿಡಿದುಕೊಂಡು ಜಗಲಿಯ ಮೇಲೆ ಕೂತಳು. ಅಷ್ಟೇ. ಬಾಯಲ್ಲಿ ಎಲೆಅಡಿಕೆ ಇನ್ನೂ ಇತ್ತು.

ಮಾರನೆಯ ದಿನ ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟು ನಾನು ಕೊಟ್ಟಿಗೆಗೆ ಹೋದೆ. ನೆಂಟರನ್ನು ಹೊರಗೆ ಕಳಿಸಿದೆ. ಕನ್ನಡದಲ್ಲಿ ಬೈದು ನೋಡಿದೆ. ಹಸು ನನ್ನನ್ನು ಮಂಡಿಯ ದಲ್ಲಾಳಿ ಕೊಳೆತ ಹಣ್ಣು ನೋಡುವ ಹಾಗೆ ನೋಡಿತು. ತೆಲುಗಿನಲ್ಲಿ ಬೈದೆ. ಏನೂ ಆಗಲಿಲ್ಲ. ನನಗೆ ಅವಳ ದನಿಯಲ್ಲಿ, ಅವಳ ಏರಿಳಿತದಲ್ಲಿ ಬಾಯಿಪಾಠ ಇದ್ದದ್ದು ಒಂದೇ ಬೈಗುಳ. ವರ್ಷಗಳ ಕಾಲ ಆ ವಿಡಿಯೊ ನೋಡಿದ್ದೆನಲ್ಲ. ಬಕೆಟ್ ಇಟ್ಟುಕೊಂಡು ಕೂತು ಮೆಲ್ಲಗೆ ಶುರುಮಾಡಿದೆ. "ಏಮಿರಾ ಪನಿಕಿಮಾಲಿನೋಡಾ. ಹಲ್ಲಿ ಕಂಡ್ರೆ ಮಂಚ ಹತ್ತೋನು..." ಎಮ್ಮೆಯ ಮಾತಿಗೆ ಕಿವಿ ಇಳಿದವು. ಬೋಂಡದ ಮಾತಿಗೆ ಹಾಲು ಇಳಿಯಿತು.

ಅಂದಿನಿಂದ ನಾನು ದಿನಾ ಎರಡು ಹೊತ್ತು ನನ್ನನ್ನು ನಾನೇ ಬೈದುಕೊಂಡು ಹಾಲು ಕರೆಯುತ್ತೇನೆ. ನಮ್ಮ ಕೊಟ್ಟಿಗೆಯ ಗೋಡೆ ತೆಳು, ಎಮ್ಮೆ ಗುದ್ದಿದ ಮೇಲೆ ಸರಿಯಾಗಿ ಕಟ್ಟಿಸಲಿಲ್ಲ. ಬೇಗ ಸುದ್ದಿಯಾಯಿತು. ಒಂದು ಬೆಳಗ್ಗೆ ಡೈರಿಯಲ್ಲಿ ಕ್ಯಾನ್ ಹಿಡಿದು ನಿಂತಿದ್ದಾಗ, ನನ್ನ ಹಿಂದೆ ನಿಂತಿದ್ದ ನಮ್ಮ ಬೀದಿಯ ಅಜ್ಜಿ ಕೇಳಿದಳು.

"ಏನ್ಲಾ, ಎದ್ದ ಕೂಡ್ಲೆ ನಿನ್ನ ನೀನೇ ಬೈಕೊಂತೀಯಂತೆ. ಅಕ್ಕನ ದೆವ್ವ ಹಿಡಿತೇನೋ?"

ಸಾಲಿನಲ್ಲಿದ್ದವರೆಲ್ಲ ತಿರುಗಿದರು. ಎದುರಿಗೆ ಗೋಡೆಯ ಮೇಲೆ ಫೋಟೊ. ಅದರಲ್ಲಿ ನಾನು ಎದೆಯುಬ್ಬಿಸಿ ನಿಂತಿದ್ದೆ, ಕರು ಬೇರೆ ಕಡೆ ನೋಡುತ್ತಿತ್ತು. ನಾನು ಹೇಳಿದೆ. ರೂಲ್ಸು ಹಂಗಿರಲಿಲ್ಲ ಎಂದು ಹೇಳಿದೆ. ಹಗ್ಗ ಕಿತ್ತುಕೊಂಡದ್ದು ಹೇಳಿದೆ. ಅವಳು ಬೈದದ್ದು ಕರು ನಿಲ್ಲಲಿ ಎಂದು, ಅದು ನಿಂತದ್ದು ಅದರಿಂದಲೇ, ನನಗೆ ಆಗಲೇ ಗೊತ್ತಿತ್ತು ಎಂದೂ ಹೇಳಿದೆ. ಸೆಕ್ರೆಟರಿ ತೂಕ ನಿಲ್ಲಿಸಿ ಕೂತಿದ್ದ.

ಅಜ್ಜಿ ತನ್ನ ಕ್ಯಾನ್ ಕೆಳಗಿಟ್ಟಳು. "ಹಂಗಾದ್ರೆ ಆವತ್ತು ಅವಳು ಬೈದಿದ್ದೆಲ್ಲ ಸುಳ್ಳಾ? ಎಮ್ಮೆ, ಹತ್ತನೇ ಕ್ಲಾಸು?"

"ಇಲ್ಲಜ್ಜಿ. ಅದೆಲ್ಲ ನಿಜ. ಸುಳ್ಳು ಹೇಳ್ದೋನು ನಾನೊಬ್ನೇ."

ಯಾರೂ ನಗಲಿಲ್ಲ. ಅಜ್ಜಿ ಫೋಟೊವನ್ನೊಮ್ಮೆ ನೋಡಿ, ತನ್ನ ಕ್ಯಾನನ್ನು ನನ್ನ ಕ್ಯಾನಿಗಿಂತ ಮುಂದಕ್ಕೆ ತಳ್ಳಿ, "ಹಿಂದೆ ನಿಂತ್ಕೋ" ಎಂದಳು. ಹಿಂದೆ ಹೋಗಿ ನಿಂತೆ. ಉಳಿದವರೂ ಒಬ್ಬೊಬ್ಬರಾಗಿ ಮುಂದೆ ಬಂದರು. ಆ ದಿನ ಹಾಲು ಕೊನೆಗೆ ಹಾಕಿದವನು ನಾನು.

ಫೋಟೊದ ಕೆಳಗೆ ಹೆಸರು ಬದಲಾಯಿಸಲು ಸಭೆಯಲ್ಲಿ ಠರಾವು ಆಗಬೇಕಂತೆ. ಅರ್ಜಿ ಕೊಟ್ಟಿದ್ದೇನೆ.

ಈಗ ಬೈದುಕೊಳ್ಳುವಾಗ ಕೊನೆಗೆ ಒಂದು ಮಾತು ಸೇರಿಸುತ್ತೇನೆ. "ಮೈಕಿನ ಮುಂದೆ ಒಡಹುಟ್ಟಿದೋಳನ್ನ ಯಾರೋ ಅಂದೋನಲ್ವೇನೋ ನೀನು" ಎಂದು. ಆ ಮಾತು ಬಂದಾಗ ಪುಕ್ಕಲಿ ಮೆಲುಕು ನಿಲ್ಲಿಸಿ ನನ್ನ ಕಡೆ ಕಿವಿ ತಿರುಗಿಸುತ್ತದೆ. ಇಷ್ಟು ಹೇಳಿದ ಮೇಲೆ ಅದಕ್ಕೆ ತಕ್ಕ ಬೈಗುಳವೊಂದು ಬಂದೇ ಬರುತ್ತದೆಂದು ಅದಕ್ಕೆ ಅಭ್ಯಾಸ. ನಾನು ತೆಲುಗಿನಲ್ಲಿ ಹುಡುಕುತ್ತೇನೆ, ಕನ್ನಡದಲ್ಲಿ ಹುಡುಕುತ್ತೇನೆ. ಸಿಕ್ಕುವುದಿಲ್ಲ. ಹಸು ಕಾಯುತ್ತದೆ.